ಕನ್ನಡ ಪುಸ್ತಕಕ್ಕೂ ಪಂಕ್‌ಗೂ ಎಲ್ಲಿಯ ನಂಟು?

ಶಿರಸಿಯಲ್ಲಿ ಸಣ್ಣದೊಂದು ಪ್ರಕಾಶನ ನಡೆಸುವ ನಾನು ಪಂಕ್ ಎಂಬ, 1970ರ ದಶಕದ ಒರಟು ರಾಕ್ ಸಂಗೀತದ ಮಾತೆತ್ತಿದಾಗಲೆಲ್ಲ ಎದುರಿಗಿದ್ದವರು ಕೇಳುವುದು ಒಂದೇ: ಆ ಅಬ್ಬರದಿಂದ ಪುಸ್ತಕ ಮಾಡುವವರು ಕಲಿಯುವುದೇನಿದೆ? ನಾನು ಕಲಿತದ್ದು ಅಬ್ಬರವನ್ನಲ್ಲ, ಲೆಕ್ಕವನ್ನು ಬಚ್ಚಿಡದಿರುವುದನ್ನು.

1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡ ಸುಮಾರು 500 ಪೌಂಡ್ ಕೈಗಡ ಪಡೆದು, ನಾಲ್ಕು ಹಾಡುಗಳ ‘ಸ್ಪೈರಲ್ ಸ್ಕ್ರ್ಯಾಚ್’ ರೆಕಾರ್ಡನ್ನು ತಾನೇ ಹೊರತಂದಿತು. ಮೊದಲು ಒತ್ತಿಸಿದ್ದು 1000 ಪ್ರತಿ. ಯಾವ ಹಾಡನ್ನು ಎಷ್ಟನೆಯ ಸಲ ಹಾಡಿದಾಗಿನ ಧ್ವನಿಮುದ್ರಣದಿಂದ ಆರಿಸಿಕೊಂಡರೆಂಬುದನ್ನೂ ಕವರಿನ ಮೇಲೆ ಅಚ್ಚುಹಾಕಿಸಿದ್ದರು. ಮರುವರ್ಷ ಲಂಡನ್ನಿನ ಸ್ಕ್ರಿಟ್ಟಿ ಪೊಲಿಟ್ಟಿ ತಂಡ ತನ್ನ ಮೊದಲ ರೆಕಾರ್ಡಿಗೆ ತಗಲಿದ ಖರ್ಚನ್ನೇ ಕವರಿನ ಮೇಲೆ ಪಟ್ಟಿಮಾಡಿತು. ಅದನ್ನು ಕೊಂಡ ಹುಡುಗನಿಗೆ ಹಾಡಿನ ಜೊತೆಗೆ ಹಾಡು ಹೊರತರುವ ದಾರಿಯೂ ಸಿಕ್ಕಿತು.

ನಮ್ಮಲ್ಲಿ ಆ ದಾರಿಯನ್ನು ಯಾರೂ ತೋರಿಸುವುದಿಲ್ಲ. ನನ್ನ ಮೊದಲ ಸಂಕಲನಕ್ಕೆ ಪ್ರಕಾಶಕರೊಬ್ಬರು ಒಂದು ಮೊತ್ತ ಹೇಳಿದರು, ನಾನು ಕೊಟ್ಟೆ. 16 ಪುಟಕ್ಕೆ ಒಂದು ಫಾರ್ಮು (ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಟ್ಟು), 96 ಪುಟದ ಪುಸ್ತಕವೆಂದರೆ ಆರೇ ಫಾರ್ಮು ಎಂಬಷ್ಟು ಸರಳ ಸಂಗತಿ ತಿಳಿಯಲು ನನಗೆ ಮತ್ತೆ ನಾಲ್ಕು ವರ್ಷ ಬೇಕಾಯಿತು. ಆದ್ದರಿಂದ ಈಗ ನಮ್ಮ ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಕಾಗದ, ಅಚ್ಚು, ಬೈಂಡಿಂಗ್, ಲೇಖಕರ ಗೌರವಧನ ಎಲ್ಲದರ ಲೆಕ್ಕವಿರುತ್ತದೆ.

1980ರಲ್ಲಿ ವಾಷಿಂಗ್ಟನ್ನಿನಲ್ಲಿ ಆರಂಭವಾದ ಡಿಸ್ಕಾರ್ಡ್ ಎಂಬ ಪಂಕ್ ರೆಕಾರ್ಡ್ ಸಂಸ್ಥೆಯ ಹುಡುಗರು ತಮ್ಮ ಮೊದಲ ರೆಕಾರ್ಡಿನ ಕವರುಗಳನ್ನು ಸ್ನೇಹಿತರೊಡನೆ ಕೂತು ತಾವೇ ಕತ್ತರಿಸಿ, ಮಡಚಿ, ಅಂಟಿಸಿದ್ದರು. ನಾವೂ ಒಂದು ಆಷಾಢದಲ್ಲಿ 200 ಮುಖಪುಟಗಳನ್ನು ಹಾಗೆ ಮಡಚಲು ಕೂತೆವು. ಶಿರಸಿಯ ಜಡಿಮಳೆಗೆ ಕಾಗದ ಥಂಡಿ ಹಿಡಿದು ಸೆಟೆದುಕೊಂಡಿತ್ತು, ಅಂಟು ಎರಡು ದಿನವಾದರೂ ಒಣಗಲಿಲ್ಲ. ಕೊನೆಗೆ ಬಚ್ಚಲೊಲೆಯ ಕಾವಿಗೆ ಹಗ್ಗ ಕಟ್ಟಿ ಒಂದೊಂದನ್ನೇ ನೇತುಹಾಕಿದೆವು. ಆ ಪ್ರತಿಗಳಿಗೆ ಈಗಲೂ ಸಣ್ಣಗೆ ಹೊಗೆಯ ವಾಸನೆಯಿದೆ, ಅದು ನನಗೆ ಪ್ರಿಯವಾದದ್ದು.

ಪಂಕ್‌ನ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಅಲ್ಲಿ ಶ್ರುತಿ ತಪ್ಪಿದರೂ ಹಾಡಿನ ಕಸುವು ಉಳಿಯುತ್ತದೆ. ಪುಸ್ತಕದಲ್ಲಿ ಒತ್ತಕ್ಷರ ತಪ್ಪಿದರೆ ಓದುಗ ಅಲ್ಲಿಯೇ ಎಡವುತ್ತಾನೆ. ಕರಡು ಮೂರು ಸಲ ತಿದ್ದದೆ ನಾವು ಅಚ್ಚಿಗೆ ಕಳಿಸುವುದಿಲ್ಲ.

ಮಾರಾಟದ ವಿಷಯದಲ್ಲಿ ನಮಗೆ ಮ್ಯಾಂಚೆಸ್ಟರಿಗಿಂತ ಹಳೆಯ ಗುರುಗಳಿದ್ದಾರೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಗ್ರಂಥಾಲಯದ ಸಗಟು ಖರೀದಿಯನ್ನೇ ನೆಚ್ಚಿ ಅಚ್ಚುಹಾಕಿದಾಗ ಓದುಗರ ಮುಖ ಮರೆತುಹೋಗುತ್ತದೆಂಬುದು ನನ್ನ ಅನುಭವ. ಹಾಗಾಗಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಬಳೆಯಂಗಡಿಗಳ ಸಾಲಿನಾಚೆ ಒಂದು ಮೇಜು ಹಾಕುತ್ತೇವೆ. ಕಳೆದ ಸಲ ಸಿದ್ದಾಪುರದ ಕಡೆಯ ಶಿಕ್ಷಕಿಯೊಬ್ಬರು ಕಥೆಯನ್ನು ಬಿಟ್ಟು ಕೊನೆಯ ಪುಟವನ್ನೇ ನಿಂತು ಓದಿದರು, ಪೆನ್ನು ಕೇಳಿ ಪಡೆದು ಅಂಗೈಯ ಮೇಲೆ ಫಾರ್ಮಿನ ಲೆಕ್ಕ ಬರೆದುಕೊಂಡರು. ಮರುವರ್ಷ ಅವರ ಶಾಲೆಯ ಮಕ್ಕಳ ಪದ್ಯಗಳ ಪುಸ್ತಕ ಅಂಚೆಯಲ್ಲಿ ಬಂತು. ಅದರ ಕೊನೆಯ ಪುಟದಲ್ಲಿಯೂ ಖರ್ಚಿನ ಪಟ್ಟಿಯಿತ್ತು.