ಹಾವಿನ ಹಲ್ಲು ಎಣಿಸಿದೆ, ಯಾವ ಕಡೆಯದು ಎಂದು ಬರೆಯಲಿಲ್ಲ

ಮ್ಯೂಸಿಯಂ ಒಂದರ ಹಾವುಗಳ ವಿಭಾಗದಲ್ಲಿ ನನ್ನ ಕೆಲಸ. ಆಲ್ಕೋಹಾಲ್ ಜಾರ್‌ಗಳಲ್ಲಿರುವ ಸ್ಪೆಸಿಮನ್‌ಗಳನ್ನು ತೆಗೆದು ಅಳೆಯುವುದು, ಹುರುಪೆ ಎಣಿಸುವುದು, ಎಕ್ಸ್‌ರೇ ತೆಗೆದು ರಿಜಿಸ್ಟರ್‌ಗೆ ಬರೆಯುವುದು. ಸೇರಿದ ಮೊದಲ ವರ್ಷ ನನ್ನ ಪಾಲಿಗೆ ಬಂದದ್ದು ಬಸವನಹುಳು ತಿನ್ನುವ ಹಾವುಗಳ ಕಪಾಟು.

ಪೇರಿಯಾಸ್ ಎಂಬ ಕುಲ ಇವುಗಳದ್ದು. ಏಷ್ಯಾದ ಹಾವುಗಳು, ಭಾರತದಲ್ಲಾದರೆ ಈಶಾನ್ಯದ ಕಾಡುಗಳಲ್ಲಿವೆ. ವಿಷವಿಲ್ಲ. ತೆಳ್ಳಗಿನ ಮೈ, ಮೊಂಡು ಮೂತಿ, ದೊಡ್ಡ ಕಣ್ಣು. ರಾತ್ರಿ ಹೊತ್ತು ಗಿಡಮರದ ಮೇಲೆ ಓಡಾಡುತ್ತವೆ. ಬೇರೆ ಹೆಚ್ಚಿನ ಹಾವುಗಳ ಗದ್ದದ ಕೆಳಗೆ ನಡುವೆ ಒಂದು ಗೀರು ಇರುತ್ತದೆ. ದೊಡ್ಡ ಬೇಟೆ ನುಂಗುವಾಗ ಅಲ್ಲಿ ಚರ್ಮ ಹಿಗ್ಗುತ್ತದೆ. ಇವಕ್ಕೆ ಆ ಗೀರೇ ಇಲ್ಲ. ಮೆತ್ತನೆಯ ಹುಳುವನ್ನು ಚಿಪ್ಪಿನಿಂದ ಎಳೆದು ತಿನ್ನುವ ಹಾವಿಗೆ ಅಷ್ಟು ಅಗಲ ಬಾಯಿ ಏಕೆ ಬೇಕು, ಅಲ್ವಾ?

ಜಪಾನಿನ ದಕ್ಷಿಣದ ಇಶಿಗಾಕಿ, ಇರಿಯೊಮೊಟೆ ದ್ವೀಪಗಳ ಪೇರಿಯಾಸ್ ಇವಾಸಾಕಿ ಎಂಬ ಪ್ರಭೇದದ ಹಾವುಗಳು ಆರು ಇದ್ದವು. ಕೆಳದವಡೆಯ ಹಲ್ಲು ಎಣಿಸಬೇಕಿತ್ತು. ರಿಜಿಸ್ಟರ್‌ನಲ್ಲಿ ಅದಕ್ಕೆ ಒಂದೇ ಕಾಲಂ. ಹಾವಿನ ಎರಡು ಕಡೆಯೂ ಒಂದೇ ಥರ ಇರುತ್ತದೆ ಎಂದುಕೊಂಡು, ಫಿಲ್ಮ್‌ನಲ್ಲಿ ಯಾವ ಕಡೆ ಚೆನ್ನಾಗಿ ಕಂಡಿತೋ ಅದನ್ನೇ ಎಣಿಸಿದೆ. 18, 24, 25, 17, 18, 25. ಎರಡು ಗುಂಪು. ನಡುವಿನ ಸಂಖ್ಯೆ ಒಂದೂ ಇಲ್ಲ. ಇದರಲ್ಲಿ ಎರಡು ಪ್ರಭೇದ ಸೇರಿಹೋಗಿರಬಹುದು ಎಂದು ಷರಾ ಬರೆದು ಮೇಡಂ ಮುಂದೆ ಇಟ್ಟೆ. ತುಂಬಾ ಖುಷಿಯಲ್ಲಿದ್ದೆ.

ಮೇಡಂ ಓದಿ ಕೇಳಿದ್ದು ಒಂದೇ ಮಾತು. "ಯಾವ ಕಡೆ ಎಣಿಸಿದ್ರಿ?"

ನನಗೆ ಗೊತ್ತಿರಲಿಲ್ಲ.

ಆಮೇಲೆ ಅವರು ಕೂರಿಸಿಕೊಂಡು ಹೇಳಿದರು. ಬಸವನಹುಳುಗಳಲ್ಲಿ ಬಲಸುರುಳಿಯವೇ, ಅಂದರೆ ಚಿಪ್ಪು ಬಲಕ್ಕೆ ಸುತ್ತಿಕೊಂಡಿರುವವೇ ಜಾಸ್ತಿ. ಈ ಹಾವು ಹಿಂದಿನಿಂದ ಬಂದು, ತಲೆ ಓರೆ ಮಾಡಿ ಕಚ್ಚುತ್ತದೆ. ಮೇಲ್ದವಡೆ ಚಿಪ್ಪನ್ನು ಹಿಡಿದಿರುತ್ತದೆ. ಕೆಳದವಡೆಯ ಎಡ ಬಲ ತುಂಡುಗಳು ಒಂದಾದ ಮೇಲೊಂದು ಒಳಗೆ ಹೋಗಿ ಹುಳುವನ್ನು ಎಳೆಯುತ್ತವೆ. ಬಲಸುರುಳಿಗೆ ಹೊಂದಿಕೊಂಡು ಬಲಗಡೆ ಹಲ್ಲು ಹೆಚ್ಚಿವೆ. ಇವಾಸಾಕಿಯಲ್ಲಿ ಸರಾಸರಿ ಎಡಕ್ಕೆ ಸುಮಾರು 18, ಬಲಕ್ಕೆ 25. ಸಂಶೋಧಕ ಮಸಾಕಿ ಹೊಸೊ ಮತ್ತು ಜೊತೆಗಾರರು 2007ರಲ್ಲೇ ಇದನ್ನು ಪ್ರಕಟಿಸಿದ್ದರು. ಎಡಸುರುಳಿಯ ಹುಳು ಸಿಕ್ಕರೆ ಈ ಹಾವಿನ ಹಿಡಿತ ಜಾರುತ್ತದೆ, ಹುಳು ಎಷ್ಟೋ ಸಲ ಬದುಕಿಕೊಳ್ಳುತ್ತದೆ. ಎಡಸುರುಳಿಯವಕ್ಕೆ ಬಲಸುರುಳಿಯವುಗಳ ಜೊತೆ ಕೂಡುವುದೇ ಕಷ್ಟ. ಹಾಗಿದ್ದೂ ಇಂಥ ಹಾವುಗಳಿರುವ ಕಡೆ ಎಡಸುರುಳಿಯವು ಹೆಚ್ಚಾಗಿ ಕಾಣುತ್ತವೆ. ಹಾವಿನ ಹಲ್ಲು ಹುಳುವಿನ ಚಿಪ್ಪಿನ ತಿರುವನ್ನೇ ಬದಲಿಸುತ್ತಿದೆ! ಆ ದಿನ ಮನೆಗೆ ಹೋಗುವಾಗಲೂ ತಲೆಯಲ್ಲಿ ಅದೇ ಇತ್ತು.

ಅಂದರೆ ಜಾರ್‌ನಲ್ಲಿದ್ದದ್ದು ಒಂದೇ ಪ್ರಭೇದ. ಮೂರು ಹಾವಿನಲ್ಲಿ ನಾನು ಎಡ ಎಣಿಸಿದ್ದೆ, ಮೂರರಲ್ಲಿ ಬಲ.

ಸರಿ, ಫಿಲ್ಮ್ ನೋಡಿ ತಿದ್ದೋಣ ಎಂದು ಕೂತರೆ ಅದೂ ಆಗಲಿಲ್ಲ. ಎಕ್ಸ್‌ರೇ ಫಿಲ್ಮ್ ತಿರುವಿ ಹಿಡಿದರೆ ಎಡ ಬಲವಾಗುತ್ತದೆ. ನಾನು ಯಾವುದಕ್ಕೂ ಗುರುತು ಹಾಕಿರಲಿಲ್ಲ. ಜಾಸ್ತಿ ಹಲ್ಲಿರುವುದೇ ಬಲ ಎಂದು ಬರೆದುಬಿಡಬಹುದಿತ್ತು. ಆದರೆ ಎಣಿಸುತ್ತಿರುವುದೇ ಅದನ್ನು ತಿಳಿಯಲು. ಉತ್ತರವನ್ನು ಮೊದಲೇ ಇಟ್ಟುಕೊಂಡು ಎಣಿಸಿದರೆ, ಎಡಗಡೆ ಜಾಸ್ತಿ ಹಲ್ಲಿರುವ ಹಾವು ಮುಂದೆ ಸಿಕ್ಕರೂ ನನಗೆ ಗೊತ್ತಾಗುವುದಿಲ್ಲ. ಬಸವನಹುಳುವಿಗಿಂತ ಚಿಪ್ಪಿಲ್ಲದ ಹುಳುಗಳನ್ನೇ ಹೆಚ್ಚು ತಿನ್ನುವ ಪೇರಿಯಾಸ್‌ಗಳೂ ಇವೆ. ತೈವಾನಿನ ಪೇರಿಯಾಸ್ ಫಾರ್ಮೊಸೆನ್ಸಿಸ್ ಅಂಥದ್ದು, ಅದರಲ್ಲಿ ಎಡ ಬಲದ ವ್ಯತ್ಯಾಸ ಕಡಿಮೆ. ಅಂಥವನ್ನು ಊಹೆಯ ಮೇಲೆ ಬರೆದರೆ ಎಲ್ಲವೂ ಕೆಡುತ್ತದೆ.

ಆರನ್ನೂ ಮತ್ತೆ ಹೊರತೆಗೆದೆ. ಪ್ರತಿ ಹಾವಿನ ಬಲಕ್ಕೆ ಸೀಸದ ಪುಟ್ಟ ಅಕ್ಷರ ಇಟ್ಟು ಹೊಸದಾಗಿ ಎಕ್ಸ್‌ರೇ ತೆಗೆದೆ. ಮೂರು ದಿನ ಹಿಡಿಯಿತು. ರಿಜಿಸ್ಟರ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಕಾಲಂ ಗೆರೆ ಎಳೆದೆ. ಒಂದು ಹಾವಿನ ಬಲದವಡೆ ಪುಡಿಯಾಗಿತ್ತು. ಅದರ ಎಡಕ್ಕೆ 17 ಎಂದು ಬರೆದು, ಬಲದ ಮನೆಯನ್ನು ಖಾಲಿ ಬಿಟ್ಟೆ.