ಕೊರ್ಡೋಬಾದ ಕಂಬಗಳ ನಡುವೆ ಅಪ್ಪ

ಸ್ಪೇನ್‌ನ ಕೊರ್ಡೋಬಾದಲ್ಲಿ ಮೆಸ್ಕಿಟಾ ಇದೆ, ಹಿಂದೆ ಮಸೀದಿ, ಈಗ ಕೆಥೆಡ್ರಲ್, ಅಂದರೆ ಬಿಷಪ್‌ನ ಇಗರ್ಜಿ. ಅದರ ಒಳಗೆ ಹೋದವರೆಲ್ಲ ಬಾಗಿಲು ದಾಟಿದ ಕೂಡಲೇ ತಲೆ ಎತ್ತುತ್ತಾರೆ. ಕೆಂಪು ಬಿಳಿ ಪಟ್ಟೆಯ ಕಮಾನುಗಳು, ಒಂದರ ಹಿಂದೆ ಒಂದು, ಕಣ್ಣು ಹೋದಷ್ಟು ದೂರ. ಮೊದಲ ಸಲ ಹೋದಾಗ ನಾನೂ ಹಾಗೇ ನಿಂತಿದ್ದೆ. ಅಪ್ಪ ಮಾತ್ರ ತಲೆ ಎತ್ತಲಿಲ್ಲ. ಮೊಣಕಾಲು ನೋವಿದ್ದರೂ ಕುಕ್ಕರಗಾಲಲ್ಲಿ ಕೂತು ಒಂದು ಕಂಬದ ಬುಡ ನೋಡಿದರು. ಆಮೇಲೆ ಪಕ್ಕದ ಕಂಬದ ಬುಡ. ಆಮೇಲೆ ಅದರಾಚೆಯದು.

"ಇವು ಈ ಕಟ್ಟಡಕ್ಕೆ ಅಂತ ಮಾಡಿದ ಕಂಬ ಅಲ್ಲ ಕಣಮ್ಮ," ಅಂದರು. "ಎಲ್ಲಿಂದಲೋ ತಂದು ನಿಲ್ಲಿಸಿದ್ದಾರೆ. ಇದು ಉದ್ದ ಜಾಸ್ತಿ ಆಗಿದೆ, ಅದಕ್ಕೇ ನೆಲದೊಳಗೆ ಇಳಿಸಿದ್ದಾರೆ. ಇದು ಗಿಡ್ಡ, ಕೆಳಗೆ ಕಲ್ಲು ಕೊಟ್ಟಿದ್ದಾರೆ."

ಅಪ್ಪ ಅರಸೀಕೆರೆ ಕಡೆಯವರು. ಸುಮಾರು 40 ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ನಾನು ಕೆಲಸಕ್ಕೆ ಅಂತ ಮ್ಯಾಡ್ರಿಡ್‌ಗೆ ಬಂದು ಆರು ವರ್ಷವಾಗಿದೆ. ಹೋದ ಫೆಬ್ರವರಿಯಲ್ಲಿ ಅಪ್ಪನನ್ನು ಕರೆಸಿಕೊಂಡೆ. ಎಲ್ಲಿಗೆ ಹೋಗೋಣ ಅಂತ ಫೋನಿನಲ್ಲಿ ಒಂದಷ್ಟು ಫೋಟೋ ತೋರಿಸಿದಾಗ ಅವರ ಬೆರಳು ನಿಂತಿದ್ದು ಮೆಸ್ಕಿಟಾದ ಫೋಟೋ ಮೇಲೆ. ಎಷ್ಟು ಚೆನ್ನಾಗಿದೆ ಅಂತ ಅವರು ಹೇಳಲಿಲ್ಲ. "ಇಷ್ಟು ಅಗಲದ ಮಾಡಿನ ಮೇಲೆ ಮಳೆ ಬಿದ್ದರೆ ನೀರು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದರು. ಎರಡು ಸಲ ಹೋಗಿಬಂದಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಕೊರ್ಡೋಬಾ ಎರಡು ಗಂಟೆಯೊಳಗಿನ ದಾರಿ. ಹಿಂದಿನ ಸಂಜೆಯೇ ಹೋಗಿ ಹಳೇ ಊರಿನಲ್ಲಿ ಉಳಿದುಕೊಂಡೆವು. ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 8:30ರಿಂದ 9:30ರವರೆಗೆ ಮೆಸ್ಕಿಟಾಗೆ ಟಿಕೆಟ್ ಇಲ್ಲ. ಗುಂಪು ಕಟ್ಟಿಕೊಂಡು ಬರುವವರೂ ಆಗ ಇರುವುದಿಲ್ಲ. ಆ ಒಂದು ಗಂಟೆಯಲ್ಲಿ ನಮ್ಮ ಹೆಜ್ಜೆ ಸಪ್ಪಳ ನಮಗೇ ಕೇಳುತ್ತಿತ್ತು.

ಅಪ್ಪ ಹೇಳಿದ್ದು ಸರಿಯಾಗಿತ್ತು. 786ರ ಹೊತ್ತಿಗೆ ಇಲ್ಲಿ ಆಳುತ್ತಿದ್ದ ಮುಸ್ಲಿಂ ದೊರೆ ಒಂದನೇ ಅಬ್ದುಲ್ ರಹಮಾನ್ ಮಸೀದಿ ಕಟ್ಟಿಸಲು ಹೊರಟಾಗ, ರೋಮನ್ನರ ಮತ್ತು ಅವರ ನಂತರ ಇಲ್ಲಿ ಆಳಿದ ವಿಸಿಗೋತರ ಹಳೇ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಅಮೃತಶಿಲೆ, ಗ್ರಾನೈಟ್, ಸಿಕ್ಕಿದ್ದೆಲ್ಲ. ಬಣ್ಣ ಬೇರೆ, ಎತ್ತರ ಬೇರೆ, ತಲೆಯ ಮೇಲಿನ ಬೋದಿಗೆಯ ಕೆತ್ತನೆ ಬೇರೆ. ಆದರೆ ಆ ಕಂಬಗಳ ಎತ್ತರ ಅಷ್ಟು ದೊಡ್ಡ ಹಜಾರಕ್ಕೆ ಸಾಲದು. ಮಾಡು ತಲೆಗೆ ತಾಗಿದ ಹಾಗೆ ಕಾಣುತ್ತದೆ. ಹಾಗಾಗಿ ಕಂಬದ ಮೇಲೆ ಇನ್ನೊಂದು ಕಂಬ ಎಬ್ಬಿಸಿ, ಒಂದರ ಮೇಲೊಂದು ಎರಡು ಕಮಾನು ಕಟ್ಟಿದರು. ಕೆಳಗಿನದು ಕುದುರೆ ಲಾಳದ ಆಕಾರ, ಮೇಲಿನದು ಅರ್ಧ ವೃತ್ತ.

"ಕೆಳಗೆ ಸಣ್ಣ, ಮೇಲೆ ಹೋಗ್ತಾ ದಪ್ಪ," ಅಂದರು ಅಪ್ಪ. ಈಗ ತಲೆ ಎತ್ತಿದ್ದರು. "ನಾವು ಹೀಗೆ ಕಟ್ಟಲ್ಲ. ಬುಡ ದಪ್ಪ ಇರಬೇಕು ಅಂತ ನಮ್ಮ ಲೆಕ್ಕ. ಕೆಳಗಿನ ಕಮಾನು ಇದೆಯಲ್ಲ, ಅದು ಮಾಡು ಹೊರೋದಕ್ಕೆ ಅಲ್ಲ. ಕಂಬಗಳು ಅತ್ತಿತ್ತ ವಾಲದಂತೆ ಕೈ ಕೈ ಹಿಡಿಸಿದ್ದಾರೆ, ನೋಡು. ಅದರ ಮೇಲೆ ಗೋಡೆ ಇಲ್ಲ, ಖಾಲಿ."

ನಿಜ, ಎರಡು ಕಮಾನಿನ ನಡುವೆ ಗಾಳಿ ಆಡುತ್ತದೆ. ಅದಕ್ಕೇ ಇಷ್ಟು ಕಂಬ ಇದ್ದರೂ ಆ ಜಾಗ ಭಾರ ಅನ್ನಿಸುವುದಿಲ್ಲ. ಮೆರಿಡಾ ಊರಿನಲ್ಲಿ ರೋಮನ್ನರು ಕಟ್ಟಿದ ಎತ್ತರದ ಮೇಲ್ಗಾಲುವೆ ಇದೆ. ಅಲ್ಲೂ ಕಂಬಗಳ ನಡುವೆ ಒಂದರ ಮೇಲೊಂದು ಕಮಾನು, ಅಲ್ಲೂ ಕಲ್ಲು ಇಟ್ಟಿಗೆಯ ಪಟ್ಟೆ. ಅದನ್ನು ನೋಡಿಯೇ ಇವರಿಗೆ ಈ ಉಪಾಯ ಹೊಳೆದಿರಬೇಕು ಅಂತ ಬಹಳ ಜನ ಹೇಳುತ್ತಾರೆ. ನಾನು ಇದನ್ನು ಹೇಳಿದಾಗ ಅಪ್ಪ "ಕಾಲುವೆ ಹೊರೋ ಕಮಾನಾ?" ಅಂತ ಕೇಳಿ ಸುಮ್ಮನಾದರು. ಏನೋ ಲೆಕ್ಕ ಹಾಕುತ್ತಿದ್ದರು.

9:30ಕ್ಕೆ ಎಲ್ಲರನ್ನೂ ಹೊರಗೆ ಕಳಿಸಿದರು. ಮುಂದಿನ ಅಂಗಳಕ್ಕೆ ಕಿತ್ತಳೆ ಮರಗಳ ಅಂಗಳ ಅಂತಲೇ ಹೆಸರು. ಫೆಬ್ರವರಿಯಲ್ಲಿ ಮರದ ತುಂಬ ಹಣ್ಣು. ನೋಡಲು ಎಷ್ಟು ಚಂದವೋ ಬಾಯಿಗೆ ಅಷ್ಟು ಕಹಿ. ಕೆಳಗೆ ಬಿದ್ದಿದ್ದ ಒಂದನ್ನು ಅಪ್ಪ ಉಗುರಿನಿಂದ ಗೀರಿ ಮೂಸಿದರು. "ಹೇರಳೆಕಾಯಿ ಥರ ಇದೆ. ನಿಮ್ಮಮ್ಮ ಆಗಿದ್ದರೆ ಗೊಜ್ಜು ಮಾಡಿರೋಳು." ಸ್ಪ್ಯಾನಿಷ್‌ನಲ್ಲಿ ಕಿತ್ತಳೆಗೆ ನರಾಂಖಾ ಅನ್ನುತ್ತಾರೆ. ಅರಬ್ಬರ ನಾರಂಜ್, ಪರ್ಷಿಯನ್ನರ ನಾರಂಗ್, ಸಂಸ್ಕೃತದ ನಾರಂಗ, ಹಾಗೇ ಹಿಂದೆ ಹಿಂದೆ ಹೋದರೆ ಆ ಮಾತಿನ ಬೇರು ದ್ರಾವಿಡ ಭಾಷೆಗಳಲ್ಲೇ ಇರಬಹುದು ಎನ್ನುತ್ತಾರೆ ಬಲ್ಲವರು. ನಮ್ಮ ನಾರಂಗಿ ಹೆಸರು ಹೊತ್ತ ಮರದ ಕೆಳಗೆ ಅಪ್ಪ ಕೂತಿದ್ದಾರೆ ಅನ್ನಿಸಿ ನನಗೆ ತುಂಬ ಖುಷಿಯಾಯಿತು.

ಅಪ್ಪನ ಗಮನ ಮರದ ಮೇಲೆ ಇರಲಿಲ್ಲ. ಮರದಿಂದ ಮರಕ್ಕೆ ನೆಲದಲ್ಲಿ ತೋಡಿದ ಕಿರು ಕಾಲುವೆಗಳ ಮೇಲಿತ್ತು. "ಆ ಗೋಪುರ ಹತ್ತಬಹುದಾ?" ಅಂದರು. ಮಂಡಿ ನೋವು ನೆನಪಿಸಿದೆ. ಕೇಳಲಿಲ್ಲ.

ಗಂಟೆ ಗೋಪುರದ ಎತ್ತರ 54 ಮೀಟರ್. ಅದರೊಳಗೆ 10ನೇ ಶತಮಾನದ ಮಿನಾರು ಇದೆ. ಕ್ರೈಸ್ತರ ಕಾಲದಲ್ಲಿ ಅದನ್ನು ಪೂರ್ತಿ ಕೆಡವದೆ ಸುತ್ತ ಹೊಸ ಗೋಡೆ ಕಟ್ಟಿ ಗೋಪುರ ಮಾಡಿದರು. ಹತ್ತುವಾಗ ಒಳಗಿನ ಹಳೇ ಕಲ್ಲು ಕಾಣುತ್ತದೆ. ನಡುನಡುವೆ ನಿಂತು, ಉಸಿರು ತೆಗೆದುಕೊಂಡು, ಅಂತೂ ಮೇಲೆ ತಲುಪಿದೆವು. ಊರೆಲ್ಲ ಕಾಣುತ್ತಿತ್ತು, ಗ್ವಾದಲ್ಕಿವಿರ್ ನದಿ, ಸೇತುವೆ, ಬಿಳಿ ಮನೆಗಳು. ಅಪ್ಪ ನೋಡಿದ್ದು ಕೆಳಗಿನ ಮಾಡನ್ನು. ಹೆಂಚಿನ ಮಾಡು ಒಂದೇ ಅಲ್ಲ. ಉದ್ದುದ್ದಕ್ಕೆ ಸಾಲಾಗಿ ಹಲವು ಇಳಿಜಾರು ಮಾಡುಗಳು. ಎರಡು ಮಾಡುಗಳ ಮಧ್ಯೆ ಒಂದೊಂದು ನೀರಿನ ಓಣಿ, ಎಲ್ಲವೂ ಅಂಗಳದ ಕಡೆಗೆ.

"ಅಲ್ನೋಡು!" ಅಪ್ಪ ನನ್ನ ಕೈ ಹಿಡಿದು ಎಳೆದರು. "ಆ ಓಣಿ ಇದೆಯಲ್ಲ, ಅದರ ಕೆಳಗೇ ಕಮಾನಿನ ಸಾಲು ಬರುತ್ತೆ. ನೀರು ಕಮಾನಿನ ತಲೆ ಮೇಲೇ ಹರಿದುಹೋಗುತ್ತೆ. ಅದಕ್ಕೇ ಮೇಲೆ ದಪ್ಪ. ನೀನು ಕಾಲುವೆ ಅಂದೆಯಲ್ಲ, ಇದೂ ಕಾಲುವೆನೇ."

ಫೋಟೋ ನೋಡಿ ಕೇಳಿದ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿತ್ತು. ಅಂಗಳದ ಅಡಿಯಲ್ಲಿ 10ನೇ ಶತಮಾನದ ಕೊನೆಗೆ ಇಲ್ಲಿ ಅಧಿಕಾರ ನಡೆಸಿದ ಮಂತ್ರಿ ಅಲ್ಮನ್ಸೂರ್ ಕಟ್ಟಿಸಿದ ದೊಡ್ಡ ನೀರಿನ ತೊಟ್ಟಿ ಇದೆ, ಮಾಡಿನ ನೀರು ಅಲ್ಲಿ ತುಂಬುತ್ತಿತ್ತು ಅಂತ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಇನ್ನೊಂದು ಸಲ ಒಳಗೆ ಹೋಗೋಣ ಅಂದರು. ಈ ಸಲ ಟಿಕೆಟ್ ತೆಗೆದುಕೊಂಡೆವು.

ಎರಡನೇ ಸಲ ನಿಧಾನವಾಗಿ, ಕಟ್ಟಿದ ಕಾಲದ ಪ್ರಕಾರ ನಡೆದೆವು. ಮಸೀದಿ ಒಂದೇ ಸಲಕ್ಕೆ ಆದದ್ದಲ್ಲ. 9ನೇ ಶತಮಾನದಲ್ಲಿ ಒಮ್ಮೆ ಬೆಳೆಯಿತು. 962ರಲ್ಲಿ ದೊರೆ ಎರಡನೇ ಅಲ್ ಹಕಮ್ ನದಿಯ ಕಡೆಗೆ ಇನ್ನಷ್ಟು ಬೆಳೆಸಿದ. ಅಲ್ಲಿಯ ಕಂಬಗಳು ಹೊಸದಾಗಿ ಕಡೆಸಿದವು, ಒಂದು ಕಪ್ಪುನೀಲಿ, ಒಂದು ಗುಲಾಬಿ, ಹೀಗೆ ಸರದಿಯಲ್ಲಿ. ಅದರ ಕೊನೆಗೆ ಮಿಹ್ರಾಬ್, ನಮಾಜಿನ ದಿಕ್ಕು ತೋರಿಸುವ ಗೋಡೆಯ ಗೂಡು. ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಕಳಿಸಿಕೊಟ್ಟ ಗಾಜಿನ ಚೂರುಗಳು, ಅವನೇ ಕಳಿಸಿದ ಕುಶಲಕರ್ಮಿ. ಮೇಲಿನ ಬೆಳಕು ಬಿದ್ದು ಬಂಗಾರದ ಅಕ್ಷರಗಳು ಹೊಳೆಯುತ್ತವೆ. ನಾನು ಎಷ್ಟು ಸಲ ನೋಡಿದರೂ ಅಲ್ಲಿಂದ ಕಾಲು ಕೀಳಲು ಆಗುವುದಿಲ್ಲ.

987ರಲ್ಲಿ ಅಲ್ಮನ್ಸೂರ್ ಮತ್ತೆ ಬೆಳೆಸುವಾಗ ದಕ್ಷಿಣಕ್ಕೆ ನದಿ ಅಡ್ಡ. ಹಾಗಾಗಿ ಪೂರ್ವಕ್ಕೆ ಹೋದ. ಮಿಹ್ರಾಬ್ ನಡುವಿನಲ್ಲಿ ಇಲ್ಲದೆ ಒಂದು ಪಕ್ಕಕ್ಕೆ ಇರುವುದು ಅದಕ್ಕೇ. ಅಪ್ಪ ಈ ಭಾಗದ ಕಮಾನು ನೋಡಿ ಹುಬ್ಬು ಗಂಟು ಹಾಕಿದರು. "ಇಲ್ಲಿ ಇಟ್ಟಿಗೆ ಇಲ್ಲಮ್ಮ. ಎಲ್ಲಾ ಕಲ್ಲೇ. ಕೆಂಪು ಬಣ್ಣ ಬಳಿದಿದ್ದಾರೆ." ಹೌದು, ಈ ಭಾಗದಲ್ಲಿ ಪಟ್ಟೆ ಬರೀ ಬಣ್ಣ. ಮೊದಲೆರಡು ಸಲ ನಾನು ಗಮನಿಸದೇ ಹಾದುಹೋಗಿದ್ದೆ.

ಇನ್ನು ನಡುವಿನ ಕೆಥೆಡ್ರಲ್ ಮಾತು. 1236ರಲ್ಲಿ ಕ್ರೈಸ್ತ ರಾಜ ಮೂರನೇ ಫರ್ನಾಂಡೊ ಊರನ್ನು ಗೆದ್ದ ಮೇಲೆ ಮಸೀದಿ ಇಗರ್ಜಿಯಾಯಿತು, ಆದರೆ ಸುಮಾರು 300 ವರ್ಷ ಅದರ ರೂಪ ದೊಡ್ಡದಾಗಿ ಬದಲಾಗಲಿಲ್ಲ. 1523ರಲ್ಲಿ ಬಿಷಪ್ ಅಲೋನ್ಸೊ ಮನ್ರಿಕೆ ಮಧ್ಯದ ಕಂಬಗಳನ್ನು ತೆಗೆಸಿ ದೊಡ್ಡ ಕೆಥೆಡ್ರಲ್ ಎಬ್ಬಿಸಲು ಹೊರಟ. ಊರಿನ ಆಡಳಿತ ಮಂಡಳಿ ವಿರೋಧಿಸಿತು. ರಾಜ ತೀರ್ಮಾನ ಹೇಳುವವರೆಗೆ ಯಾವ ಗಾರೆಯವನೂ ಬಡಗಿಯೂ ಆ ಕೆಲಸಕ್ಕೆ ಹೋಗಕೂಡದು, ಹೋದರೆ ಮರಣದಂಡನೆ ಅಂತ ಡಂಗುರ ಸಾರಿಸಿತು. ಕೊನೆಗೆ ರಾಜ ಐದನೇ ಕಾರ್ಲೋಸ್ ಬಿಷಪ್ ಪರ ನಿಂತ. ಕೆಲಸ ಮುಗಿದದ್ದು 1607ರಲ್ಲಿ. ಕೆಲಸ ನಡೆಯುತ್ತಿದ್ದಾಗಲೇ ಅದನ್ನು ನೋಡಿದ ಕಾರ್ಲೋಸ್, ಎಲ್ಲೂ ಇಲ್ಲದ್ದನ್ನು ಕೆಡಿಸಿ ಎಲ್ಲೆಲ್ಲೂ ಇರುವುದನ್ನು ಕಟ್ಟಿದಿರಿ ಅಂದನಂತೆ ಅಂತ ಊರವರು ಇವತ್ತಿಗೂ ಹೇಳುತ್ತಾರೆ.

ನನಗೂ ಆ ಜಾಗದಲ್ಲಿ ಪ್ರತಿ ಸಲ ಎದೆ ಭಾರವಾಗುತ್ತದೆ. ಈಗ ಉಳಿದಿರುವ ಕಂಬ 856. ತೆಗೆದವು ಎಲ್ಲಿ ನಿಂತಿದ್ದವೋ ಅಲ್ಲಿ ಆಕಾಶದಷ್ಟು ಎತ್ತರದ ಬಿಳಿ ಚಾವಣಿ. ಅದೂ ಒಳ್ಳೆಯ ಕೆಲಸವೇ. ಬೇರೆ ಕಡೆ ಇದ್ದಿದ್ದರೆ ಮೆಚ್ಚಿ ನೋಡುತ್ತಿದ್ದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಹಳೇ ಕಮಾನು ಹೊಸ ಗೋಡೆಗೆ ಸೇರುವ ಕಡೆ ನಿಂತು ನೋಡಿದರು. "ಕೂಲಿಯವನ ಪಾಡು ಯೋಚನೆ ಮಾಡು," ಅಂದರು. "ಹೋದರೆ ಇವರು ಬಿಡಲ್ಲ, ಹೋಗದಿದ್ದರೆ ಅವರು ಬಿಡಲ್ಲ. ಆದರೂ ಕೆಲಸ ಜೋಪಾನವಾಗಿ ಮಾಡಿದ್ದಾರೆ. ಪಕ್ಕದ ಒಂದು ಕಮಾನೂ ಬಿದ್ದಿಲ್ಲ."

ಹೊರಡುವ ಮೊದಲು ಅವರಿಗೆ ಇನ್ನೊಂದು ತೋರಿಸಬೇಕಿತ್ತು. ಕಂಬಗಳ ಮೇಲೆ ಕಲ್ಲುಕುಟಿಗರು ತಮ್ಮ ಹೆಸರು, ಗುರುತು ಕೊರೆದಿದ್ದರು. ಅವುಗಳ ಅಚ್ಚು ತೆಗೆದು ಒಂದು ಕಡೆ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಕೆಲವು ಅರಬ್ಬಿ ಅಕ್ಷರ, ಕೆಲವು ಬರೀ ಚಿಹ್ನೆ. ಅಪ್ಪ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಶಿಲ್ಪದ ಕೆಳಗೆ ಹೆಸರು ಬರೆದದ್ದು ಅಪ್ಪನಿಗೆ ಗೊತ್ತು. ನಾವು ಚಿಕ್ಕವರಿದ್ದಾಗ ಬೇಲೂರಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು. ಇಲ್ಲಿ ಒಂದೊಂದು ಗುರುತನ್ನೂ ಗಾಳಿಯಲ್ಲಿ ಬೆರಳಿನಿಂದ ಬರೆದು ನೋಡಿದರು.

ಮಧ್ಯಾಹ್ನ ಬದನೆಕಾಯಿ ಕರಿದು ಮೇಲೆ ಕಬ್ಬಿನ ಪಾಕ ಸುರಿದು ಕೊಡುವ ಇಲ್ಲಿಯ ತಿಂಡಿ ತಿಂದೆವು. ನಮ್ಮ ಜೋನಿಬೆಲ್ಲದ್ದೇ ರುಚಿ. ಅಪ್ಪ ಎರಡು ತಟ್ಟೆ ತಿಂದರು.

ಆಮೇಲೆ ಯಹೂದಿಗಳ ಹಳೇ ಕೇರಿ, ಸಂದಿ ಗೊಂದಿ, ಗೋಡೆಗೆ ತೂಗುಹಾಕಿದ ಹೂವಿನ ಕುಂಡ. ಅಲ್ಲಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನೆ ಮನೆ, 1315ರದು, ನಮ್ಮ ಊರಿನ ಮನೆಯ ಪಡಸಾಲೆಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಗೋಡೆ ತುಂಬ ಗಚ್ಚಿನ ಕೆತ್ತನೆ. ಕಟ್ಟಿಸಿದವನ ಹೆಸರು ಇಸಾಕ್ ಮೊಹೆಬ್ ಅಂತ ಗೋಡೆಯ ಮೇಲೇ ಹೀಬ್ರೂನಲ್ಲಿದೆ. 1492ರಲ್ಲಿ ಯಹೂದಿಗಳನ್ನು ದೇಶದಿಂದ ಹೊರಗೆ ಹಾಕಿದ ಮೇಲೆ ಇದು ಆಸ್ಪತ್ರೆಯಾಯಿತು, ಮುಂದೆ ಚಮ್ಮಾರರ ಸಂಘದ ಪ್ರಾರ್ಥನೆ ಮನೆಯಾಯಿತು. ಕೆತ್ತನೆಯ ಮೇಲೆ ಗಾರೆ ಬಳಿದರು. 1884ರಲ್ಲಿ ಆ ಗಾರೆ ಉದುರಿ ಅಕ್ಷರಗಳು ಮತ್ತೆ ಕಂಡವು.

"ಹೆಸರು ಬರೆದಿದ್ದು ಒಳ್ಳೆಯದಾಯ್ತು," ಅಂದರು ಅಪ್ಪ.

ಸಂಜೆ ರೋಮನ್ ಸೇತುವೆ ಮೇಲೆ ಕೂತಿದ್ದೆವು. 16 ಕಮಾನು, ಎಷ್ಟೋ ಸಲ ರಿಪೇರಿಯಾಗಿ ಈಗ ರೋಮನ್ನರ ಕಾಲದವು ಒಂದೆರಡೇ. ಸೇತುವೆ ನಡುವಿನ ಸಂತ ರಾಫೆಲ್ ವಿಗ್ರಹಕ್ಕೆ ಯಾರೋ ಮೇಣದ ಬತ್ತಿ ಹಚ್ಚಿಟ್ಟಿದ್ದರು. ನಾನು ಕೇಳಿದೆ, "ಅಪ್ಪ, ನೀವು ಕಟ್ಟಿದ ಮನೆಗಳಲ್ಲಿ ಎಲ್ಲಾದರೂ ಹೆಸರು ಬರೆದಿದ್ದೀರಾ?"

"ಮನೆ ಓನರ್‌ದು. ನಾವು ಬರೆಯೋ ಹಾಗಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಮನೆ ನೀರಿನ ತೊಟ್ಟಿ ಒಳಗೆ ಒಂದು ಗುರುತು ಇದೆ. ತಳದ ಹತ್ತಿರ. ಸಿಮೆಂಟ್ ಹಸಿ ಇದ್ದಾಗ ಹಾಕಿದ್ದು," ಅಂದರು.

ಆ ತೊಟ್ಟಿಯಿಂದ ನೀರು ಮೊಗೆದುಕೊಂಡೇ ನಾನು ಬೆಳೆದದ್ದು. ಯಾವಾಗಲೂ ತುಂಬಿರುತ್ತಿತ್ತು. ತಳ ನೋಡಿದವಳಲ್ಲ. ರಾತ್ರಿಯೇ ಅಮ್ಮನಿಗೆ ಮೆಸೇಜ್ ಹಾಕಿದೆ. ತೊಟ್ಟಿ ತೊಳೆಯೋದು ಶನಿವಾರ, ಅಲ್ಲಿವರೆಗೂ ಕಾಯಿ ಅಂದಳು. ಶನಿವಾರ ಫೋಟೋ ಬಂತು. ಪಾಚಿ ಕೆರೆದ ಜಾಗದಲ್ಲಿ ಒಂದು ಕರಣೆಯ ಚಿತ್ರ, ಅದರ ಪಕ್ಕ ನಾನು ಹುಟ್ಟಿದ ವರ್ಷ.