ಅಷ್ಟು ಒಳ್ಳೆಯ ಕೆಲಸ ಬಿಟ್ಟು ಡೇರಿಗೆ ಬಂದದ್ದೇಕೆ?

ಏಳು ವರ್ಷ ಬೆಂಗಳೂರಿನ ಕಂಪನಿಯೊಂದರಲ್ಲಿದ್ದು, ಈಗ ನಾಲ್ಕು ವರ್ಷಗಳಿಂದ ಆಲೂರು ತಾಲ್ಲೂಕಿನ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿರುವ ನನಗೆ ಎದುರಾಗುವ ಪ್ರಶ್ನೆ ಒಂದೇ ಆದರೂ ಅದನ್ನು ಕೇಳುವ ದನಿಗಳು ಎರಡು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರು ‘ಅಷ್ಟು ಒಳ್ಳೆಯ ಕೆಲಸ ಬಿಟ್ಟು ಡೇರಿಗೆ ಬಂದೆಯಲ್ಲ, ಏನಾಯಿತು?’ ಎಂದು ನಾಲ್ಕು ಎಲೆಗಳಾಚೆ ಕೇಳುವಂತೆಯೇ ಕೇಳುತ್ತಾರೆ. ಕೆಲಸದಿಂದ ತೆಗೆದಿರಬೇಕೆಂಬ ಅನುಮಾನ ಅವರದು. ಭಾನುವಾರ ಸಂಜೆ ಹಾಸನದ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುವ ಹುಡುಗರು ಇದನ್ನೇ ಮೆಲ್ಲಗೆ ಕೇಳಿ, ಆಚೀಚೆ ನೋಡಿ, ‘ನಾನೂ ಬಿಟ್ಟುಬಿಡಲಾ ಅಣ್ಣಾ?’ ಎಂದು ಸೇರಿಸುತ್ತಾರೆ. ಹಿರಿಯರಿಗೆ ಉತ್ತರ ಸುಲಭ: ಯಾರೂ ತೆಗೆಯಲಿಲ್ಲ, ನಾನೇ ಬಿಟ್ಟೆ. ಹುಡುಗರಿಗೆ ಬಸ್ಸು ಹೊರಡುವಷ್ಟರಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ನನ್ನ ಕೆಲಸವೆಂದರೆ ನಾಲ್ಕು ತಂಡಗಳು ಕಳುಹಿಸಿದ ಅಂಕಿಅಂಶಗಳನ್ನು ಒಟ್ಟುಗೂಡಿಸಿ, ಅವುಗಳಿಗೆ ಕೆಂಪು, ಹಳದಿ, ಹಸಿರು ಬಣ್ಣ ಬಳಿದು, ಪ್ರತಿ ಶುಕ್ರವಾರ ಸಂಜೆಯೊಳಗೆ ಒಂದು ವರದಿಯಾಗಿ ಮೇಲಿನವರಿಗೆ ಕಳುಹಿಸುವುದು. ವರದಿ ತಡವಾದರೆ ನನ್ನ ಮ್ಯಾನೇಜರ್ ಸಿಡುಕುತ್ತಿದ್ದರು, ಆದ್ದರಿಂದ ಅದನ್ನು ಯಾರೋ ಕಾದು ಓದುತ್ತಾರೆಂದೇ ನಂಬಿದ್ದೆ. ಆರನೆಯ ವರ್ಷದ ಒಂದು ಶುಕ್ರವಾರ ವರದಿ ಹೋದ ಹಾಗೆಯೇ ಹಿಂದಿರುಗಿ ಬಂತು: ಸ್ವೀಕರಿಸುವವರ ಇಮೇಲ್ ಪೆಟ್ಟಿಗೆ ತುಂಬಿದೆ, ಇನ್ನು ಜಾಗವಿಲ್ಲ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಆ ವರದಿ ಬೇಕೆಂದು ಮೊದಲು ಕೇಳಿದ್ದ ಅಧಿಕಾರಿ ಬೇರೆ ವಿಭಾಗಕ್ಕೆ ಹೋಗಿ ಒಂದೂವರೆ ವರ್ಷವಾಗಿತ್ತು. ಅವರ ಹಳೆಯ ಪೆಟ್ಟಿಗೆಯನ್ನು ತುಂಬಿಸಿದವನು ಬಹುಮಟ್ಟಿಗೆ ನಾನೇ. ಮ್ಯಾನೇಜರಿಗೆ ಹೇಳಿದೆ. ಅವರು ಒಂದು ಗಳಿಗೆ ಯೋಚಿಸಿ, ‘ಸರಿ, ಆ ಹೆಸರು ತೆಗೆದುಹಾಕಿ ಉಳಿದವರಿಗೆ ಕಳುಹಿಸು’ ಎಂದರು. ಉಳಿದವರು ಆ ಅಧಿಕಾರಿಯ ಮಾಹಿತಿಗಾಗಿ ಹೋಗುವ ಪತ್ರದ ಪ್ರತಿಯನ್ನು ಪಡೆಯುತ್ತಿದ್ದವರಷ್ಟೇ. ನಾನು ಮತ್ತೆ ಹತ್ತು ತಿಂಗಳು ಆ ಪ್ರತಿಗಳನ್ನು ಕಳುಹಿಸಿದೆ. ಸಂಬಳ ಒಂದನೆಯ ತಾರೀಕಿಗೆ ತಪ್ಪದೆ ಬಂತು.

ಇದು ನನ್ನೊಬ್ಬನ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದ ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ 2013ರಲ್ಲಿ ಒಂದು ಪ್ರಬಂಧ ಬರೆದು, ಮಾಡುವವನೇ ಒಳಗೊಳಗೆ ‘ಇದು ಇಲ್ಲದಿದ್ದರೂ ಏನೂ ಆಗದು’ ಎಂದುಕೊಳ್ಳುವ ಉದ್ಯೋಗಗಳು ಹೆಚ್ಚುತ್ತಿವೆ, ಮತ್ತು ಜನರಿಗೆ ನೇರವಾಗಿ ಉಪಯೋಗವಾಗುವ ಕೆಲಸಕ್ಕೆ ಸಾಮಾನ್ಯವಾಗಿ ಕಡಿಮೆ ಕೂಲಿ ಸಿಗುತ್ತದೆ ಎಂದು ವಾದಿಸಿದರು. ಎರಡು ವರ್ಷಗಳ ನಂತರ ಬ್ರಿಟನ್ನಿನಲ್ಲಿ ಯೂಗವ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ತಮ್ಮ ಕೆಲಸದಿಂದ ಜಗತ್ತಿಗೆ ಅರ್ಥಪೂರ್ಣ ಕೊಡುಗೆಯೇನೂ ಇಲ್ಲವೆಂದು ಶೇ. 37ರಷ್ಟು ಜನ ಹೇಳಿದರು. ಆದರೆ ಯುರೋಪಿನ ದೇಶಗಳ ಕೆಲಸಗಾರರ ದೊಡ್ಡ ಸಮೀಕ್ಷೆಯೊಂದನ್ನು ಆಧರಿಸಿ 2021ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಅಂಥವರ ಪ್ರಮಾಣ ಸುಮಾರು ಶೇ. 5ಕ್ಕೆ ಇಳಿಯಿತು, ಮೇಲಿನವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದಕ್ಕೂ ಕೆಲಸ ವ್ಯರ್ಥವೆನ್ನಿಸುವುದಕ್ಕೂ ಗಟ್ಟಿಯಾದ ನಂಟಿದೆಯೆಂದೂ ಅವರು ಕಂಡುಕೊಂಡರು. 37 ಎಲ್ಲಿ, 5 ಎಲ್ಲಿ! ನನಗೆ ತೋರುವಂತೆ ಅಂತರವಿರುವುದು ಕೇಳಿದ ಪ್ರಶ್ನೆಯಲ್ಲಿ. ಒಂದು ಕಡೆ ಕೇಳಿದ್ದು ಜಗತ್ತಿಗೆ ಕೊಡುಗೆಯಿದೆಯೇ ಎಂದು. ಇನ್ನೊಂದು ಕಡೆ ಕೇಳಿದ್ದು ಉಪಯುಕ್ತವಾದ ಕೆಲಸ ಮಾಡುತ್ತಿದ್ದೇನೆ ಎನ್ನಿಸುತ್ತದೆಯೇ ಎಂದು. ‘ಜಗತ್ತಿಗೆ ನಿನ್ನ ಕೊಡುಗೆಯೇನು’ ಎಂದರೆ ನಮ್ಮ ಸಂಘಕ್ಕೆ ದಿನಾ ಎಂಟು ಲೀಟರ್ ಹಾಲು ಹಾಕುವವರೂ ತಲೆ ಕೆರೆದುಕೊಂಡಾರು.

ಈ ಮಾತು ತೆಗೆದರೆ ಯಾರಾದರೊಬ್ಬರು ‘ಕಾಯಕವೇ ಕೈಲಾಸವಪ್ಪಾ, ಯಾವ ಕೆಲಸವಾದರೇನು’ ಎನ್ನದೆ ಬಿಡುವುದಿಲ್ಲ. ಆ ಮಾತನ್ನು ವಚನದಲ್ಲಿ ಇಟ್ಟ ಆಯ್ದಕ್ಕಿ ಮಾರಯ್ಯ 12ನೆಯ ಶತಮಾನದ ಕಲ್ಯಾಣದಲ್ಲಿ ಮಾಡುತ್ತಿದ್ದದ್ದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕೆಲಸ. ಅದು ಮನೆಯಲ್ಲಿ ಅನ್ನವಾಗಿ ದಾಸೋಹಕ್ಕೆ ಸಲ್ಲುತ್ತಿತ್ತು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಅಂದರೆ ಆ ಕಾಯಕದ ತುದಿಯಲ್ಲಿ ಉಣ್ಣುವವರಿದ್ದರು, ಎಷ್ಟು ಸಾಕೆಂದು ಹೇಳುವವರೂ ಇದ್ದರು. ನನ್ನ ಶುಕ್ರವಾರದ ವರದಿಗೆ ಎರಡೂ ಇರಲಿಲ್ಲ.

ಈಗಿನ ಕೆಲಸವೂ, ನೋಡಿದರೆ, ಅಂಕಿಅಂಶದ್ದೇ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಕ್ಯಾನು, ಸ್ಟೀಲ್ ಬಿಂದಿಗೆ ಹಿಡಿದವರ ಸಾಲು ಆಗಲೇ ನಿಂತಿರುತ್ತದೆ. ಹಾಲನ್ನು ತೂಗಿ, ಒಂದಿಷ್ಟನ್ನು ಯಂತ್ರಕ್ಕೆ ಕೊಟ್ಟರೆ ಫ್ಯಾಟು, ಅಂದರೆ ಜಿಡ್ಡು, ಮತ್ತು ಎಸ್‌ಎನ್‌ಎಫ್, ಅಂದರೆ ಜಿಡ್ಡಲ್ಲದ ಘನಾಂಶ, ಎಷ್ಟೆಂದು ತೋರಿಸುತ್ತದೆ. ಅವುಗಳ ಮೇಲೆ ದರ ನಿಂತಿದೆ. ಹಸುವಿನ ಹಾಲಿಗೆ ಫ್ಯಾಟು ಶೇ. 3.5, ಎಸ್‌ಎನ್‌ಎಫ್ ಶೇ. 8.5 ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಗೆರೆ. ಹಿಂದೆ ಗಂಧಕಾಮ್ಲ ಬೆರೆಸಿದ ಗಾಜಿನ ಕೊಳವೆಗಳನ್ನು ಗರಗರ ತಿರುಗಿಸಿ ಜಿಡ್ಡು ಅಳೆಯುತ್ತಿದ್ದ ಕಾಲದ ಜಗಳಗಳು ಯಂತ್ರ ಬಂದ ಮೇಲೆ ನಿಂತಾವು ಎಂದುಕೊಂಡಿದ್ದೆ, ನಿಲ್ಲಲಿಲ್ಲ, ಪುಣ್ಯಕ್ಕೆ.

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿಯ ಹಾಲಿನ ಫ್ಯಾಟು 4.1ರಿಂದ 3.3ಕ್ಕೆ ಇಳಿಯಿತು. ಅಜ್ಜಿ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ‘ಅದೇ ಹಸ, ಅದೇ ಕೊಟ್ಟಿಗೆ. ನಿನ್ ಮಿಷನ್ನಿಗೇನು ಬಂತು?’ ಎಂದರು. ಎರಡನೆಯ ಸಲ ಪರೀಕ್ಷಿಸಿದರೂ ಅಷ್ಟೇ ಬಂತು. ಮಳೆಗಾಲದ ಎಳೆಯ ಹಸಿರು ಹುಲ್ಲನ್ನೇ ಹೆಚ್ಚಾಗಿ ತಿಂದರೆ ಜಿಡ್ಡು ಇಳಿಯುವುದುಂಟು, ಆದರೆ ಇಷ್ಟಿಳಿಯುವುದು ಅಪರೂಪ. ವಿಚಾರಿಸುತ್ತಾ ಹೋದಾಗ ಮೊಮ್ಮಗ ರಜೆಗೆ ಬಂದು ಹಾಲು ಕರೆಯುತ್ತಿರುವುದೂ, ಮುಕ್ಕಾಲು ಕರೆದು ಉಳಿದದ್ದನ್ನು ಕರುವಿಗೆ ಬಿಡುತ್ತಿರುವುದೂ ತಿಳಿಯಿತು. ಕೆಚ್ಚಲಿನ ಮೊದಲ ಹಾಲು ತೆಳು. ಜಿಡ್ಡು ಹೆಚ್ಚಿರುವುದು ಕಡೆಯ ಹಾಲಿನಲ್ಲಿ. ಮೊದಲು ಕರುವಿಗೆ ಕುಡಿಸಿ ಆಮೇಲೆ ಪೂರ್ತಿ ಕರೆಯಲು ಹೇಳಿದೆ, ಒಣಹುಲ್ಲನ್ನೂ ಜೊತೆಗೆ ಹಾಕಲು ಹೇಳಿದೆ. ನಾಲ್ಕನೆಯ ದಿನ 3.9 ಬಂತು. ಅಜ್ಜಿ ಚೀಟಿಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, ನನ್ನನ್ನು ಹೊಗಳದೆ, ‘ಕರು ಬಡವಾಗ್ತದೆ’ ಎಂದು ಗೊಣಗುತ್ತಾ ಹೋದರು.

ಬೆಂಗಳೂರಿನಲ್ಲಿ ಏಳು ವರ್ಷ ನಾನು ಕೊಟ್ಟ ಅಂಕಿಗಳನ್ನು ಯಾರೂ ತಪ್ಪೆನ್ನಲಿಲ್ಲ. ಇಲ್ಲಿ ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನದ ಲೆಕ್ಕದಲ್ಲಿ ಒಂದು ಲೀಟರ್ ಕೈತಪ್ಪಿದರೂ ಬಾಗಿಲಿಗೆ ಬಂದು ನಿಲ್ಲುವವರಿದ್ದಾರೆ. ನಾನು ಹುಡುಕುತ್ತಿದ್ದ ಅರ್ಥವೆಂದರೆ ಹೆಚ್ಚುಕಡಿಮೆ ಇದೇ ಆಗಿತ್ತು ಎಂಬುದು ಬಂದ ಮೇಲೆ ತಿಳಿಯಿತು. ಬರುವಾಗ ತಿಳಿದಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ.

ಹಾಗೆಂದು ಹಳ್ಳಿಯ ಕೆಲಸವೆಲ್ಲ ಸಾರ್ಥಕವೆಂಬ ಭ್ರಮೆ ನನಗಿಲ್ಲ. ಯಾರೂ ತಿರುವಿ ನೋಡದ ಎರಡು ಪುಸ್ತಕಗಳನ್ನು ನಮ್ಮ ಸಂಘದಲ್ಲಿಯೂ ಬರೆಯುತ್ತೇನೆ. ಸಂಬಳ ಮೊದಲಿನದರ ಐದರಲ್ಲೊಂದು ಪಾಲೂ ಇಲ್ಲ; ಹೆಂಡತಿಗೆ ಶಾಲೆಯಲ್ಲಿ ಖಾಯಂ ನೌಕರಿ, ತಲೆಯ ಮೇಲೆ ಸಾಲವಿಲ್ಲದ ಮನೆ, ಒಂದಿಷ್ಟು ಕಾಫಿ ಮತ್ತು ಮೆಣಸು ಇರದಿದ್ದರೆ ನಾನು ಇಂದಿಗೂ ಬಣ್ಣ ಬಳಿಯುತ್ತಲೇ ಇರುತ್ತಿದ್ದೆ. ಯುಗಾದಿಯಂದು ಹಸು ಕೆಚ್ಚಲು ಬಿಗಿಹಿಡಿಯುವುದಿಲ್ಲವಾದ್ದರಿಂದ ರಜೆಯೂ ಇಲ್ಲ. ಗ್ರೇಬರ್ ಹೇಳಿದ ಕಡಿಮೆ ಕೂಲಿಯ ಮಾತು ನನ್ನ ಪಾಸ್‌ಬುಕ್ಕಿನ ಮಟ್ಟಿಗಂತೂ ನಿಜ, ಮತ್ತು ಅದರಲ್ಲಿ ಹೆಮ್ಮೆ ಪಡುವಂಥದ್ದೇನೂ ನನಗೆ ಕಾಣುವುದಿಲ್ಲ.

ಆದ್ದರಿಂದ ಬಿಟ್ಟುಬಿಡಲೇ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು, ನೀವು ಮಾಡಿದ್ದು ಕಡೆಗೆ ಯಾರ ಕೈಗೆ ಹೋಗುತ್ತದೆಂದು ಪತ್ತೆಮಾಡಿ ಅವರಿಗೊಂದು ಫೋನ್ ಮಾಡಿ ಎಂದು. ಆಸ್ಪತ್ರೆಗಳ ವಿಮೆ ಕಡತ ನೋಡುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಹಾಗೆ ವಿಚಾರಿಸಿ, ತಾನು ಮಧ್ಯಾಹ್ನದೊಳಗೆ ಒಂದು ಕಡತ ಮುಗಿಸಿದರೆ ಯಾರೋ ಒಬ್ಬರು ಅದೇ ಸಂಜೆ ಆಸ್ಪತ್ರೆಯಿಂದ ಮನೆಗೆ ಹೋಗುತ್ತಾರೆಂದು ತಿಳಿದುಕೊಂಡು, ಆ ಕೆಲಸದಲ್ಲಿಯೇ ಉಳಿದ. ಇನ್ನೊಬ್ಬ ಎರಡು ವಾರ ಹುಡುಕಿ, ತನ್ನ ಕಡತಗಳು ಯಾರ ಕೈಗೂ ಹೋಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೋದ ಭಾನುವಾರ ಅದೇ ಬಸ್ ನಿಲ್ದಾಣದಲ್ಲಿ ಸಿಕ್ಕು, ‘ನಿಮ್ಮ ಡೇರಿಯಲ್ಲಿ ಜಾಗ ಇದೆಯಾ ಅಣ್ಣಾ?’ ಎಂದು ಕೇಳಿದ. ಕಾರ್ಯದರ್ಶಿಯ ಹುದ್ದೆ ಇರುವುದು ಒಂದೇ. ಅದರಲ್ಲಿ ನಾನು ಕುಳಿತಿದ್ದೇನೆ. ಅವನು ಬಸ್ಸು ಹತ್ತಿದ. ನಾನು ಸಂಜೆಯ ಹಾಲಿಗೆ ತಡವಾಯಿತೆಂದು ಊರ ಕಡೆ ಬೈಕ್ ತಿರುಗಿಸಿದೆ.